ಭುಜಮಟ್ಟಕ್ಕಿಂತ ಮೇಲೆ

ಮೂಟೆಯಕ್ಕ ಕೈ ಎತ್ತಿದ್ದೇ ತಪ್ಪಾಯಿತು.

ಯಾರ ಮೇಲೂ ಎತ್ತಿದ್ದಲ್ಲ. ಹೊಡೆಯುವುದಕ್ಕೆ ಎತ್ತಿದ್ದರೆ ಎರಡು ಬಿಗಿದ ಸಮಾಧಾನವಾದರೂ ಉಳಿಯುತ್ತಿತ್ತು. ಇವಳು ಎತ್ತಿದ್ದು ಸಂಸತ್ತಿನ ಸಮಿತಿಯ ಮುಂದೆ, ನಿಜವನ್ನೇ ಹೇಳುತ್ತೇನೆ ಎಂದು ಪ್ರಮಾಣ ಮಾಡುವುದಕ್ಕೆ. ಅದಾದ ಹದಿನೇಳನೆಯ ದಿನ ಮನೆಗೆ ಕಾಗದ ಬಂತು.

ಮಗಳು ಕೆಲಸದಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಓದಿದಳು. ಅವಳು ಅಂಗಿ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವವಳು. ಗಂಟೆಗೆ ಅರವತ್ತು ಕಾಲರ್. ಸಂಜೆಯ ಹೊತ್ತಿಗೆ ಅವಳ ಕಣ್ಣು ಎಷ್ಟು ಸೋತಿರುತ್ತಿತ್ತೆಂದರೆ ಅಕ್ಷರಗಳನ್ನು ಬೆರಳಿಟ್ಟು ಓದಬೇಕಾಗಿತ್ತು. ಬೆರಳಿಟ್ಟೇ ಓದಿದಳು:

"ತಾವು ಸಂಸತ್ ಸಮಿತಿಯ ಮುಂದೆ ಸಾಕ್ಷ್ಯ ನೀಡುವ ಸಂದರ್ಭದಲ್ಲಿ ತಮ್ಮ ಬಲಗೈಯನ್ನು ಭುಜಮಟ್ಟಕ್ಕಿಂತ ಮೇಲೆ ಎತ್ತಿರುವುದು ದೃಶ್ಯ ದಾಖಲೆಯಿಂದ ಕಂಡುಬಂದಿರುತ್ತದೆ. ಆದಕಾರಣ ತಾವು ದುಡಿಮೆ ನಷ್ಟ ಭತ್ಯೆಗೆ ಅರ್ಹರಲ್ಲವೆಂದು ತೀರ್ಮಾನಿಸಲಾಗಿದೆ. ಈವರೆಗೆ ಹದಿನೆಂಟು ತಿಂಗಳು ಪಾವತಿಯಾದ ಭತ್ಯೆಯನ್ನು ತಮ್ಮೊಡನೆ ವಾಸವಾಗಿರುವ ದುಡಿಯುವ ಸದಸ್ಯರ ವೇತನದಿಂದ ವಸೂಲು ಮಾಡಲಾಗುವುದು."

ಮಗಳು ಕಾಗದ ಮಡಚಿದಳು. ಮತ್ತೆ ಬಿಡಿಸಿದಳು.

"ದುಡಿಯುವ ಸದಸ್ಯರು ಅಂದ್ರೆ ಯಾರೇ?" ಅಂದಳು ಮೂಟೆಯಕ್ಕ.

"ಇನ್ಯಾರು? ಈ ಮನೇಲಿ ಬೆಕ್ಕು ದುಡಿಯುತ್ತಾ? ನಾನೇ."

ಮೂಟೆಯಕ್ಕ ಗೋಡೆಗೆ ಒರಗಿ ಕೂತಳು. ಬಲಗೈ ತೊಡೆಯ ಮೇಲಿತ್ತು. ಅದನ್ನು ಅಲ್ಲಿ ಇಟ್ಟಿದ್ದು ಎಡಗೈ. ಈಗ ಎರಡು ವರ್ಷದಿಂದ ಅದನ್ನು ಎತ್ತಿ ಇಡುವುದು, ತೆಗೆದು ಇಡುವುದು, ಅಂಗಿಯೊಳಗೆ ತೂರಿಸುವುದು ಎಲ್ಲಾ ಎಡಗೈಯ ಕೆಲಸ. ತಲೆ ಬಾಚುವುದು, ಬೆನ್ನಿನ ಗುಂಡಿ ಹಾಕುವುದು ಮಗಳ ಕೆಲಸ.

ಮೂಟೆಯಕ್ಕ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ದೊಡ್ಡ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳು ಇಪ್ಪತ್ಮೂರು ವರ್ಷ ದುಡಿದಳು. ಮೇಲಿನ ಆರು ಅಂತಸ್ತುಗಳಲ್ಲಿ ಜನ ಮಲಗಿದ, ಹೆತ್ತ, ಸತ್ತ ಹಾಸಿಗೆಗಳ ಬಟ್ಟೆಯೆಲ್ಲ ಒಂದು ಅಗಲವಾದ ಕೊಳವೆಯಲ್ಲಿ ಜಾರಿ ಬಂದು ಇವರ ಮುಂದೆ ದೊಪ್ಪನೆ ಬೀಳುತ್ತಿತ್ತು. ರಕ್ತ, ಕೀವು, ವಾಂತಿ, ಹೇಲು. ಕೈಗವಸುಗಳು ಗುತ್ತಿಗೆದಾರನ ಪುಸ್ತಕದಲ್ಲಿದ್ದವು, ಕೈಗೆ ಬಂದಿರಲಿಲ್ಲ. ಬಟ್ಟೆ ಬೇರೆ ಮಾಡಬೇಕು, ಯಂತ್ರಕ್ಕೆ ತುಂಬಬೇಕು, ಒಗೆದಾದ ಮೇಲೆ ಅದರ ಹೊಟ್ಟೆಯಿಂದ ಹೊರಗೆಳೆಯಬೇಕು. ಒಣಗಿದ ಹೊದಿಕೆ ಕೂಸಿನಷ್ಟು ಹಗುರ. ನೆನೆದರೆ ಹೆಣ. ಹತ್ತು ಹೊದಿಕೆ ಒಂದಕ್ಕೊಂದು ಹೆಣೆದುಕೊಂಡು ಹಗ್ಗವಾಗಿ ಬರುತ್ತವೆ. ಅದನ್ನು ಮೂಟೆ ಮಾಡಿ, ತಲೆಗಿಂತ ಎತ್ತರದ ಕಟ್ಟೆಗೆ ಎತ್ತಿಹಾಕಬೇಕು. ಅಲ್ಲಿಂದ ಅದು ಒಣಗಿಸುವ ಯಂತ್ರಕ್ಕೆ ಉರುಳುತ್ತದೆ.

ಒಂದು ಮೂಟೆಗೆ ಇಬ್ಬರು ಎಂದು ನಿಯಮವಿತ್ತು. ನಿಯಮ ಗೋಡೆಯ ಮೇಲೆ ತೂಗುತ್ತಿತ್ತು. ಕೆಳಗೆ ಮೂಟೆಗೊಬ್ಬಳೇ ಇರುತ್ತಿದ್ದಳು. ಜೊತೆಯವಳು ಬಸುರಿಯಾದಾಗ ಅವಳ ಪಾಲಿನದನ್ನೂ ಇವಳೇ ಎತ್ತಿದಳು, ಐದು ತಿಂಗಳು, ಮೇಸ್ತ್ರಿಗೆ ಗೊತ್ತಾಗದ ಹಾಗೆ. ಗೊತ್ತಾಗಿದ್ದರೆ ಬಸುರಿಯ ಕೆಲಸ ಹೋಗುತ್ತಿತ್ತು. ಆವತ್ತಿನಿಂದ ಎಲ್ಲರ ಬಾಯಲ್ಲೂ ಮೂಟೆಯಕ್ಕ. ಅವಳಿಗೂ ಆ ಹೆಸರಿನ ಮೇಲೆ ಸ್ವಲ್ಪ ಜಂಬವಿತ್ತು, ಸುಳ್ಳು ಯಾಕೆ ಹೇಳಬೇಕು.

ಒಂದು ಮಧ್ಯಾಹ್ನ ಯಂತ್ರದೊಳಗೆ ಬಟ್ಟೆ ಸಿಕ್ಕಿಕೊಂಡಿತು. ಕಾಲನ್ನು ಯಂತ್ರಕ್ಕೆ ಊರಿ ಎಳೆದಳು. ಭುಜದೊಳಗೆ ಏನೋ ಹಸಿ ಕಡ್ಡಿ ಮುರಿದ ಹಾಗೆ ಲಟಕ್ ಅಂತು. ಕಣ್ಣಿಗೆ ಕತ್ತಲೆ ಬಂತು. ಮೇಸ್ತ್ರಿ ಬಂದು ನೋಡಿದ.

"ಎಡಗೈ ಚೆನ್ನಾಗಿದೆಯಲ್ಲ," ಅಂದ.

ಎಡಗೈಯಲ್ಲಿ ಹನ್ನೊಂದು ದಿನ ಎಳೆದಳು. ತಲೆಯ ಮೇಲೆ ಆರು ಅಂತಸ್ತು ತುಂಬ ಡಾಕ್ಟರುಗಳು. ಒಬ್ಬರೂ ಮೆಟ್ಟಿಲಿಳಿದು ಬರಲಿಲ್ಲ. ಗುತ್ತಿಗೆಯವರನ್ನು ಇಲ್ಲಿ ನೋಡುವುದಿಲ್ಲ, ಹೊರಗೆ ತೋರಿಸಿಕೊಳ್ಳಿ ಅಂದರು. ಹನ್ನೆರಡನೆಯ ದಿನ ಕೆಲಸಕ್ಕೆ ಬರಬೇಡ ಅಂದರು. ಇಪ್ಪತ್ಮೂರು ವರ್ಷ ಜನರ ಹೇಲು ಒಗೆದವಳಿಗೆ ಒಂದು ಚೀಟಿ ಕೊಟ್ಟರು. ಅದರಲ್ಲಿ ಹೆಸರು ತಪ್ಪಾಗಿತ್ತು.

ಭತ್ಯೆ ಸಿಗುವುದಕ್ಕೆ ಏಳು ತಿಂಗಳು ಅಲೆದಳು. ಕಡೆಗೆ ಒಂದು ದಿನ ಇಲಾಖೆಯಿಂದ ಫೋನು ಬಂತು. ಆ ಕಡೆ ಒಂದು ಎಳೆಯ ಹುಡುಗಿಯ ದನಿ, ಎದುರಿಗೆ ಅರ್ಜಿ ಇಟ್ಟುಕೊಂಡು ಓದುತ್ತಿತ್ತು.

"ಬಲಗೈ ಭುಜಮಟ್ಟಕ್ಕಿಂತ ಮೇಲೆ ಎತ್ತಕ್ಕಾಗುತ್ತಾ? ಹೌದು ಅಥವಾ ಇಲ್ಲ ಅಷ್ಟೇ ಹೇಳಿ."

"ಎತ್ತಿದ್ರೆ ಪ್ರಾಣ ಹೋಗುತ್ತಮ್ಮ. ಆಮೇಲೆ ಮೂರು ದಿನ..."

"ಹೌದು ಅಥವಾ ಇಲ್ಲ."

"ಇಲ್ಲ."

ಹುಡುಗಿ ಗುರುತು ಹಾಕಿಕೊಂಡಳು. ಎತ್ತಿದ ಮೇಲೆ ಏನಾಗುತ್ತದೆ ಎಂಬ ಪ್ರಶ್ನೆ ಆ ಅರ್ಜಿಯಲ್ಲಿ ಇರಲೇ ಇಲ್ಲ. ಯಾವ ಡಾಕ್ಟರೂ ಅವಳನ್ನು ಕರೆಯಲಿಲ್ಲ, ಯಾರೂ ಆ ಭುಜವನ್ನು ಮುಟ್ಟಿ ನೋಡಲಿಲ್ಲ. ಭತ್ಯೆ ಶುರುವಾಯಿತು. ಅದು ಬಾಡಿಗೆಗೆ ಸರಿಹೋಗುತ್ತಿತ್ತು. ಮಗಳ ಸಂಬಳ ಹೊಟ್ಟೆಗೆ, ಬಸ್ಸಿಗೆ, ಮಾತ್ರೆಗೆ.

ಇಂಥವಳು ಸಂಸತ್ತಿನ ತನಕ ಹೋಗಿದ್ದು ಹೇಗೆ ಅಂತ ಕೇಳಿ. ಆ ವರ್ಷ ಸರ್ಕಾರ ಮೂರು ಕೆಲಸ ಮಾಡಿತು. ದಿನಬಳಕೆಯ ಸಾಮಾನಿನ ಮೇಲೆ ತೆರಿಗೆ ಏರಿಸಿತು. ಭತ್ಯೆ ತೆಗೆದುಕೊಳ್ಳುವವರನ್ನು ಜರಡಿ ಹಿಡಿಯಲು ಹೊರಟಿತು. ಆಮೇಲೆ, ಜನ ಸಾಲದಲ್ಲಿ ಮುಳುಗುತ್ತಿರುವುದಕ್ಕೆ ಜನರ ದುಂದುಗಾರಿಕೆಯೇ ಕಾರಣ ಎಂದು ಒಂದು ದಪ್ಪ ವರದಿ ಹೊರಡಿಸಿತು. ಗಾಯದ ಮೇಲೆ ಬರೆ ಎಳೆದು, ಬರೆಗೂ ನೀನೇ ಕಾರಣ ಅಂದ ಹಾಗೆ. ಸಂಸತ್ತಿನಲ್ಲಿ ಗಲಾಟೆಯಾಯಿತು. ಇದನ್ನೆಲ್ಲ ಪರಿಶೀಲಿಸಲು ಒಂದು ಸಮಿತಿ ಆಯಿತು. ಸಮಿತಿಗೆ ದೊಡ್ಡ ದೊಡ್ಡ ಅರ್ಥಶಾಸ್ತ್ರಜ್ಞರು ಬಂದು ಹೇಳಿಹೋದರು. ಕೆಳಗಿನವರೊಬ್ಬರೂ ಬಂದು ಹೇಳಿದರೆ ನೋಡುವುದಕ್ಕೆ ಚೆನ್ನಾಗಿರುತ್ತದೆ ಎಂದು ಯಾರಿಗೋ ಅನ್ನಿಸಿತು. ಕಾರ್ಮಿಕರ ಸಂಘದ ವಕೀಲಮ್ಮ ಇವಳ ಹೆಸರು ಕೊಟ್ಟರು.

ಮೊದಲ ದಿನ ಬೆಳಿಗ್ಗೆ ಎರಡು ನೋವಿನ ಮಾತ್ರೆ ನುಂಗಿ ಹೋದಳು. ಒಂಬತ್ತಕ್ಕೆ ಬರಹೇಳಿದ್ದರು, ಒಂಬತ್ತಕ್ಕೆ ಮುಂಚೆಯೇ ಇದ್ದಳು. ಪಡಸಾಲೆಯ ಬೆಂಚಿನ ಮೇಲೆ ಹನ್ನೆರಡೂವರೆಯವರೆಗೆ ಕೂರಿಸಿದರು. ನಡುವೆ ಒಂದಕ್ಕೆ ಹೋಗಬೇಕೆನಿಸಿ ಎದ್ದಾಗ ಕಾವಲಿನವನು ತಡೆದ.

"ಅದು ಸದಸ್ಯರಿಗೆ. ನೀವು ಕೆಳಗೆ ಹೋಗಿ, ಅಂಗಳ ದಾಟಿ, ಗೇಟಿನ ಪಕ್ಕ."

ಅಷ್ಟು ದೂರ ಹೋದಾಗ ಹೆಸರು ಕೂಗಿಬಿಟ್ಟರೆ? ತಡೆದುಕೊಂಡು ಕೂತಳು. ಹೊಟ್ಟೆ ಕಲ್ಲಾಯಿತು.

ಒಳಗೆ ಉದ್ದನೆಯ ಬಿಲ್ಲಿನಂಥ ಮೇಜು. ಹದಿಮೂರು ಜನ. ಬದಿಯಲ್ಲಿ ಒಂದು ಸಣ್ಣ ಮೇಜಿಗೆ ಬಗ್ಗಿ ಶೀಘ್ರಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದ ಒಬ್ಬ ಹೆಂಗಸು. ಸಮಿತಿಯ ಗುಮಾಸ್ತ ಒಂದು ಕಾರ್ಡು ಹಿಡಿದು ಬಂದ.

"ಬಲಗೈ ಎತ್ತಿ. ನಾನು ಹೇಳಿದ ಹಾಗೆ ಹೇಳಿ."

ಅವಳು ಎದೆಯವರೆಗೆ ಎತ್ತಿದಳು.

"ಇನ್ನೂ ಮೇಲೆ ಅಮ್ಮಾ. ಕ್ಯಾಮೆರಾಗೆ ಕಾಣ್ಬೇಕು."

ಆಗ ಹೇಳಬಹುದಿತ್ತು. ಸ್ವಾಮಿ, ಈ ಕೈ ಏಳಲ್ಲ, ಅದಕ್ಕೇ ನಾನು ಇಲ್ಲಿಗೆ ಬಂದಿರೋದು ಅನ್ನಬಹುದಿತ್ತು. ನೀವಾಗಿದ್ದರೆ ಅನ್ನುತ್ತಿದ್ದಿರಿ. ಅವಳು ಅನ್ನಲಿಲ್ಲ. ಇಪ್ಪತ್ಮೂರು ವರ್ಷ ಯಾರಾದರೂ ಇನ್ನೂ ಮೇಲೆ ಅಂದಾಗಲೆಲ್ಲ ಎತ್ತಿದ ಮೈ ಅದು. ಬಾಯಿ ಯೋಚಿಸುವುದರೊಳಗೆ ಕೈ ಮೇಲೆ ಹೋಗಿತ್ತು. ದೊಡ್ಡವರ ಮುಂದೆ ಅರ್ಧ ಕೈ ಎತ್ತಿದರೆ ಅರ್ಧ ಸುಳ್ಳು ಹೇಳುತ್ತಾಳೆ ಅಂದುಕೊಂಡಾರು ಎಂಬ ಭಯ ಬೇರೆ. ಎಡಗೈಯಿಂದ ಮೊಣಕೈಯನ್ನು ಮೇಲೆ ತಳ್ಳಿ, ಕಿವಿಯ ತನಕ ಎತ್ತಿ ಹಿಡಿದಳು. ಆ ಪುಣ್ಯಾತ್ಮ ನಾಲ್ಕು ಸಾಲಿನ ಪ್ರಮಾಣವನ್ನು ತಡೆದು ತಡೆದು, ಸ್ಪಷ್ಟವಾಗಿ ಓದಿದ. ನಾಲ್ಕು ಸಾಲು ಮುಗಿಯುವ ತನಕ ಅವಳು ಹಿಡಿದೇ ಇದ್ದಳು. ಹಣೆಯಿಂದ ಬೆವರು ಕಣ್ಣಿಗಿಳಿಯಿತು. ಅಧ್ಯಕ್ಷರು ಅದನ್ನು ಕಣ್ಣೀರು ಅಂದುಕೊಂಡರು.

"ಭಾವುಕರಾಗಬೇಡಿ ಅಮ್ಮ. ನಿಧಾನವಾಗಿ ಹೇಳಿ," ಅಂದರು.

ನಿಧಾನವಾಗಿ ಹೇಳಲು ಬಿಟ್ಟರೆ ತಾನೆ? ಒಬ್ಬ ಸದಸ್ಯ ಕೇಳಿದ, "ನಿಮ್ಮ ಹತ್ರ ಮೊಬೈಲ್ ಇದೆಯಾ?" ಇದೆ ಅಂದಳು. ಅವನು ಪಕ್ಕದವನ ಕಡೆ ನೋಡಿದ. ಇನ್ನೊಬ್ಬ ಕೇಳಿದ, "ನೀವು ತೆರಿಗೆ ಕಟ್ಟಲ್ಲ ಅಲ್ವಾ?"

"ಕಟ್ತೀನಲ್ಲ ಸ್ವಾಮಿ. ಸೋಪಿಗೆ ಕಟ್ತೀನಿ, ಬಲ್ಬಿಗೆ ಕಟ್ತೀನಿ, ನೋವಿನ ಮಾತ್ರೆಗೆ ಕಟ್ತೀನಿ. ನೀವು ಕೊಳ್ಳೋ ಸೋಪಿಗೂ ಅಷ್ಟೇ, ನಾನು ಕೊಳ್ಳೋ ಸೋಪಿಗೂ ಅಷ್ಟೇ. ಬಡವಳು ಅಂತ ಅಂಗಡಿಯವನು ಬಿಟ್ಟುಬಿಡ್ತಾನಾ?"

ಯಾರೋ ನಕ್ಕರು. ಸಾಲ ಯಾಕೆ ಮಾಡ್ತೀರಿ ಎಂದು ಮೂರನೆಯವನು ಕೇಳಿದ. ಅವಳು ಬಾಯಿ ತೆರೆಯುವ ಹೊತ್ತಿಗೆ ಗಂಟೆ ಹೊಡೆಯಿತು. ಊಟದ ವಿರಾಮ. ನಿಮ್ಮ ಸಾಕ್ಷ್ಯ ಮುಂದಿನ ಸಭೆಗೆ ಮುಂದುವರಿಯುತ್ತದೆ ಎಂದು ಅಧ್ಯಕ್ಷರು ಎದ್ದರು. ಒಟ್ಟು ಆರು ನಿಮಿಷ ಆಗಿತ್ತು.

ಮನೆಗೆ ಬಂದ ಮೇಲೆ ಭುಜ ಊದಿಕೊಂಡಿತು. ನಾಲ್ಕು ದಿನ ಅವಳು ಮಗ್ಗುಲು ಬದಲಿಸಲಿಲ್ಲ. ಮಗಳು ಬಿಸಿನೀರಿನ ಶಾಖ ಕೊಟ್ಟು, ಚಮಚೆಯಲ್ಲಿ ಉಣಿಸಿ ಕೆಲಸಕ್ಕೆ ಹೋದಳು. ಆ ನಾಲ್ಕು ದಿನವನ್ನು ಯಾವ ಕ್ಯಾಮೆರಾವೂ ಹಿಡಿಯಲಿಲ್ಲ. ಇಲಾಖೆಯಲ್ಲಿ ಕೂತ ಯಾವನೋ ಒಬ್ಬ ಕಿವಿಯ ಪಕ್ಕದ ಆ ಕೈಯನ್ನು ಮಾತ್ರ ನಿಲ್ಲಿಸಿ ನಿಲ್ಲಿಸಿ ನೋಡಿದ. ಥೂ, ಅವನ ಕಣ್ಣಿಗೆ. ಮುಖವನ್ನು ಒಂದು ಸಲ ನೋಡಿದ್ದರೆ ಸಾಕಿತ್ತು.

ತಿಂಗಳ ಕೊನೆಗೆ ಮಗಳ ಸಂಬಳದಲ್ಲಿ ಕಾಲುಭಾಗ ಹಿಡಿದರು. ಬಾಡಿಗೆ ಹೋಗಲಿಲ್ಲ. ಮನೆಯ ಯಜಮಾನಿ ಮೊದಲ ವಾರ ಮಾತಾಡಲಿಲ್ಲ, ಎರಡನೆಯ ವಾರ ಮಾತಾಡಿದಳು. ಮಗಳು ಹತ್ತು ಹೆಂಗಸರ ಗುಂಪುಸಾಲಕ್ಕೆ ಸಹಿ ಹಾಕಿ ಬಂದಳು. ಒಬ್ಬಳು ಕಟ್ಟದಿದ್ದರೆ ಉಳಿದ ಒಂಬತ್ತು ಜನ ಬಂದು ಬಾಗಿಲಲ್ಲಿ ಕೂರುವ ಸಾಲ ಅದು. ಸರ್ಕಾರದ ಸಾಲ ತೀರಿಸಲು ಊರಿನ ಸಾಲ. ಇದನ್ನೇ ಅಲ್ಲವೇ ಆ ದಪ್ಪ ವರದಿ ದುಂದುಗಾರಿಕೆ ಅಂದದ್ದು?

ಎರಡನೆಯ ಸಭೆಗೆ ಕರೆ ಬಂದಾಗ ವಕೀಲಮ್ಮ ಮನೆಗೇ ಬಂದರು. ಕೋಣೆಯಲ್ಲಿ ಇದ್ದದ್ದು ಒಂದೇ ಕುರ್ಚಿ, ಅದನ್ನು ಅವರಿಗೆ ಕೊಟ್ಟು ತಾಯಿ ಮಗಳು ನೆಲದ ಮೇಲೆ ಕೂತರು.

"ಅಮ್ಮ ಬರಲ್ಲ," ಅಂದಳು ಮಗಳು. "ಒಂದ್ಸಲ ಹೋಗಿ ಬಂದಿದ್ದಕ್ಕೆ ಹೀಗಾಯ್ತು. ಇನ್ನೊಂದ್ಸಲ ಹೋದ್ರೆ ಈ ಕುರ್ಚೀನೂ ಹೊತ್ಕೊಂಡು ಹೋಗ್ತಾರೆ."

"ಹೋಗದಿದ್ರೆ ಈ ಕಾಗದಾನೇ ಕೊನೆ ಮಾತಾಗುತ್ತೆ ಕಣಮ್ಮ," ಅಂದರು ವಕೀಲಮ್ಮ. "ಪ್ರತಿ ಸಭೇಲೂ ಹೊಸದಾಗಿ ಪ್ರಮಾಣ ಮಾಡ್ಬೇಕು. ಅಮ್ಮ ಪ್ರಮಾಣ ಮಾಡಿ ಹೇಳಿದ್ರೆ ಅದು ದಾಖಲೆಗೆ ಬರುತ್ತೆ. ದಾಖಲೆಗೆ ಬಂದ್ರೆ ಸಮಿತಿ ವರದೀಲಿ ಬರುತ್ತೆ. ವರದಿ ಬಂದ್ರೆ ವಸೂಲಿ ನಿಲ್ಲಿಸೋದಕ್ಕೆ ನಾನು ಹೋರಾಡಬಹುದು. ಪ್ರಮಾಣ ಇಲ್ಲದ ಮಾತಿಗೆ ಅಲ್ಲಿ ಕಾಸಿನ ಬೆಲೆ ಇಲ್ಲ."

"ಮತ್ತೆ ಕೈ ಎತ್ತಬೇಕಾ?" ಅಂದಳು ಮೂಟೆಯಕ್ಕ.

"ಬೇಡ. ಅಧ್ಯಕ್ಷರ ಜೊತೆ ಮಾತಾಡಿದೀನಿ. ಕೂತ್ಕೊಂಡು ಬಾಯಲ್ಲಿ ಹೇಳಿದ್ರೆ ಸಾಕು ಅಂದಿದಾರೆ. ನೀವು ಕೋಪ ಮಾಡ್ಕೊಳ್ಳದೆ ಹೇಳ್ಬೇಕು ಅಷ್ಟೇ. ಬಡವರ ಕೋಪ ದವಡೆಗೆ ಮೂಲ."

"ದವಡೇಲಿ ಹಲ್ಲು ಎಷ್ಟಿವೆ ಅಂತ ಎಣಿಸಿ ಹೇಳಿ ವಕೀಲಮ್ಮ, ಆಮೇಲೆ ಕೋಪ ಬಿಡೋಣ," ಅಂದಳು ಮೂಟೆಯಕ್ಕ. ವಕೀಲಮ್ಮನಿಗೆ ನಗು ಬಂತು. ಮಗಳಿಗೆ ಬರಲಿಲ್ಲ.

ಅವಳು ಹೊರಟಳು. ಮಗಳು ರಜೆ ಹಾಕಿ, ಅರ್ಧ ದಿನದ ಸಂಬಳ ಬಿಟ್ಟು, ಜೊತೆಗೆ ಬಂದಳು. ಬಸ್ಸಿನಿಂದ ಇಳಿಯುವಾಗ, ತಾಯಿಯ ಬೆನ್ನಿನ ಗುಂಡಿ ಸರಿಮಾಡುತ್ತಾ, "ಅಮ್ಮಾ, ಬಾಡಿಗೆ ನೆನಪಿಟ್ಕೊಂಡು ಮಾತಾಡು," ಅಂದಳು.

ಈ ಸಲ ಪಡಸಾಲೆಯಲ್ಲಿ ಕಾಯಿಸಲಿಲ್ಲ. ಒಳಗೇ ಗೋಡೆಯ ಪಕ್ಕ ಕುರ್ಚಿ ಹಾಕಿಸಿದ್ದರು. ಏಕೆಂದರೆ ಇವಳಿಗಿಂತ ಮುಂಚೆ ಇಲಾಖೆಯ ಕಾರ್ಯದರ್ಶಿಗಳ ಸರದಿ. ಅವರು ಬಂದರು. ನೀಟಾದ ಮನುಷ್ಯ. ಹಿಂದೆ ಇಬ್ಬರು ಕಡತ ಹೊತ್ತವರು. ಗುಮಾಸ್ತ ಅವರಿಗಾಗಿ ಕುರ್ಚಿ ಎಳೆದ, ನೀರಿನ ಲೋಟ ಇಟ್ಟ. ಮೂಟೆಯಕ್ಕ ಅವನ ಕೈಯಲ್ಲಿ ಕಾರ್ಡು ಇದೆಯೇ ಎಂದು ನೋಡಿದಳು. ಕಾರ್ಡು ಇರಲಿಲ್ಲ. ಕಾರ್ಯದರ್ಶಿಗಳು ಕೂತರು, ಮಾತಾಡಲು ಶುರು ಮಾಡಿಬಿಟ್ಟರು.

ಅವಳು ಹಿಂದೆ ಕೂತಿದ್ದ ವಕೀಲಮ್ಮನ ಕಡೆ ತಿರುಗಿ ಕೇಳಿದಳು. "ಅವರದ್ದು ಪ್ರಮಾಣ?"

"ಸರ್ಕಾರದ ಅಧಿಕಾರಿಗಳಿಗೆ ಪ್ರಮಾಣ ಇಲ್ಲ. ಇಲ್ಲಿನ ಪದ್ಧತಿ ಹಾಗೆ."

"ಯಾಕೆ?"

"ಅವರು ಸುಳ್ಳು ಹೇಳಲ್ಲ ಅಂತ ನಂಬಿಕೆ. ಸುಮ್ನಿರಿ ಈಗ."

ಕಾರ್ಯದರ್ಶಿಗಳ ಮಾತು ಎಣ್ಣೆ ಹಾಕಿದ ಬಾಗಿಲಿನ ಹಾಗೆ ಸದ್ದಿಲ್ಲದೆ ಚಲಿಸುತ್ತಿತ್ತು. ತೆರಿಗೆಯ ಭಾರ ಎಲ್ಲರ ಮೇಲೂ ಸಮನಾಗಿದೆ ಅಂದರು. ಭತ್ಯೆ ಸುಲಭವಾದರೆ ದುಡಿಯುವ ಮನಸ್ಸು ಕೆಡುತ್ತದೆ ಅಂದರು. ಕುಟುಂಬಗಳ ಸಾಲ ಹೆಚ್ಚಿರುವುದು ಜನರಿಗೆ ನಾಳೆಯ ಬಗ್ಗೆ ಭರವಸೆ ಹೆಚ್ಚಿದೆ ಎಂಬುದರ ಲಕ್ಷಣ ಅಂದರು. ಅಲ್ಲಾ ಕಣ್ರೀ, ಭರವಸೆಯಂತೆ! ಗೋಡೆಯ ಪಕ್ಕ ಕೂತಿದ್ದ ಮಗಳು, ಹತ್ತು ಹೆಂಗಸರ ಕಾಗದಕ್ಕೆ ಸಹಿ ಹಾಕಿ ಬಂದವಳು, ತನ್ನ ಉಗುರನ್ನು ಕಚ್ಚುತ್ತಿದ್ದಳು.

ಆಗ ಮೇಜಿನ ತುದಿಯಲ್ಲಿದ್ದ ಒಬ್ಬ ವಯಸ್ಸಾದ ಸದಸ್ಯೆ ಕೇಳಿದರು. "ಪ್ರಮಾಣ ಮಾಡೋದಕ್ಕೆ ಕೈ ಎತ್ತಿದ ಸಾಕ್ಷಿಯ ಭತ್ಯೆ ನಿಲ್ಲಿಸಿದ್ದೀರಂತೆ. ನಿಜವಾ?"

ಕಾರ್ಯದರ್ಶಿಗಳು ಒಂದು ಹಾಳೆ ತಿರುವಿದರು. "ಬರೀ ದೃಶ್ಯ ನೋಡಿ ನಿಲ್ಲಿಸಿದ್ದಲ್ಲ ಮೇಡಂ. ನಮ್ಮ ವೈದ್ಯರು ಆಕೆಯನ್ನ ಖುದ್ದಾಗಿ ಪರೀಕ್ಷೆ ಮಾಡಿದ್ದಾರೆ. ಎರಡು ಸಲ. ಭುಜ ಸಹಜವಾಗಿದೆ ಅಂತ ವರದಿ ಕೊಟ್ಟಿದ್ದಾರೆ."

ಮೂಟೆಯಕ್ಕನಿಗೆ ಮೊದಲು ಅರ್ಥವೇ ಆಗಲಿಲ್ಲ. ಬೇರೆ ಯಾರದೋ ವಿಷಯ ಅಂದುಕೊಂಡಳು. ಆಮೇಲೆ ಅರ್ಥವಾಯಿತು. ಯಾವ ವೈದ್ಯ? ಯಾವ ಎರಡು ಸಲ? ಮುರಿದ ಮೇಲೆ ಈ ಭುಜವನ್ನು ಮಗಳು ಬಿಟ್ಟು ಎರಡನೆಯ ಮನುಷ್ಯ ಮುಟ್ಟಿಲ್ಲ. ಆ ಮಾತು ಹೇಳುವಾಗ ಆತನ ದನಿ ಒಂದು ಚೂರೂ ನಡುಗಲಿಲ್ಲ. ಲೋಟದ ನೀರೂ ಅಲುಗಲಿಲ್ಲ.

"ಸುಳ್ಳು," ಅಂದಳು ಮಗಳು, ಪಕ್ಕದವರಿಗೆ ಕೇಳುವಷ್ಟು ಜೋರಾಗಿ.

"ಶ್," ಅಂದ ಕಾವಲಿನವನು.

ಮೂಟೆಯಕ್ಕನ ಸರದಿ ಬಂತು. ಸಾಕ್ಷಿಯ ಕುರ್ಚಿಯಲ್ಲಿ ಕೂತಳು. ಕಾರ್ಯದರ್ಶಿಗಳು ಎದ್ದು ಹೋಗಿರಲಿಲ್ಲ. ಸ್ಪಷ್ಟನೆ ಬೇಕಾದರೆ ಇರಲಿ ಎಂದು ಎದುರಿಗೇ ಕೂರಿಸಿಕೊಂಡಿದ್ದರು. ಗುಮಾಸ್ತ ಕಾರ್ಡು ತಂದ. ಈ ಸಲ ಅವನ ದನಿಯಲ್ಲಿ ಮರ್ಯಾದೆ ಇತ್ತು.

"ಕೈ ಎತ್ತೋದು ಬೇಡ ಅಮ್ಮ. ನಾನು ಹೇಳಿದ್ದನ್ನ ಹೇಳಿ. 'ನಾನು ಹೇಳುವುದೆಲ್ಲ...'"

ಅವಳು ಹೇಳಲಿಲ್ಲ.

"'ನಾನು ಹೇಳುವುದೆಲ್ಲ ಸತ್ಯ...' ಹೇಳಿ ಅಮ್ಮ."

"ಹೇಳಲ್ಲ."

ಗುಮಾಸ್ತ ಅಧ್ಯಕ್ಷರ ಕಡೆ ನೋಡಿದ. ಅಧ್ಯಕ್ಷರು ಮುಂದೆ ಬಾಗಿದರು. "ಏನು ತೊಂದರೆ ಅಮ್ಮ? ಕೈ ಎತ್ತೋದು ಬೇಡ ಅಂದ್ವಲ್ಲ."

"ಇವತ್ತು ಬೇಡ ಅಂತೀರಿ. ಅವತ್ತು ಇನ್ನೂ ಮೇಲೆ ಅಂದ್ರಿ. ಎತ್ತಿದೆ. ನಿಮ್ಮ ಮಾತಿಗೆ ಬೆಲೆ ಕೊಟ್ಟು ಎತ್ತಿದೆ ಸ್ವಾಮಿ. ಅದಕ್ಕೆ ನನ್ನ ಮಗಳ ಸಂಬಳ ಹಿಡ್ಕೊಂಡ್ರು."

"ಅದನ್ನೇ ಹೇಳಿ. ಪ್ರಮಾಣ ಮಾಡಿ ಹೇಳಿ, ನಾವು ಬರ್ಕೊಳ್ತೀವಿ."

"ನಾನು ಒಂದ್ಸಲ ಮಾಡಾಯ್ತು. ನಿಜ ಹೇಳ್ತೀನಿ ಅಂತ ಮಾಡಿದೆ, ನಿಜಾನೇ ಹೇಳಿದೆ. ಈಗ ಅವರು ಮಾಡಲಿ." ಎಡಗೈಯ ಬೆರಳು ಕಾರ್ಯದರ್ಶಿಗಳ ಕಡೆ ತೋರಿಸಿತು. "ಡಾಕ್ಟ್ರು ನನ್ನ ಭುಜ ಮುಟ್ಟಿ ನೋಡಿದ್ರು ಅಂದ್ರಲ್ಲ, ಎರಡು ಸಲ. ಆ ಒಂದು ಮಾತನ್ನ ಅವರು ಬಲಗೈ ಎತ್ತಿ ಹೇಳಲಿ. ಎತ್ತಿದ್ರೆ ನಾನು ಇಲ್ಲಿಂದ ಎದ್ದು ಹೋಗ್ತೀನಿ. ಹದಿನೆಂಟು ತಿಂಗಳದ್ದೂ ಕಟ್ತೀನಿ, ಮನೆ ಮನೆ ಮುಸುರೆ ತಿಕ್ಕಿ ಕಟ್ತೀನಿ."

ಬೆನ್ನ ಹಿಂದೆ ವಕೀಲಮ್ಮ ಕುರ್ಚಿ ಸರಿಸಿದ ಸದ್ದು. "ಅಕ್ಕಾ, ಬೇಡ, ದಾಖಲೆಗೆ ಬರಲ್ಲ," ಎಂದು ಪಿಸುಗುಟ್ಟಿದರು. ಮೂಟೆಯಕ್ಕ ತಿರುಗಿ ನೋಡಲಿಲ್ಲ. ನೋಡಿದ್ದರೆ ಮಗಳ ಮುಖ ಕಾಣುತ್ತಿತ್ತು, ಬಾಡಿಗೆ ನೆನಪಾಗುತ್ತಿತ್ತು.

ಅಧ್ಯಕ್ಷರು ಕೆಮ್ಮಿದರು. "ಹಾಗೆಲ್ಲ ಕೇಳೋಕಾಗಲ್ಲ ಅಮ್ಮ. ಅಧಿಕಾರಿಗಳು ಪ್ರಮಾಣ ಮಾಡೋ ಪದ್ಧತಿ ಇಲ್ಲ."

"ಪದ್ಧತಿ ಯಾರು ಮಾಡಿದ್ದು?"

"ಅದು... ಮೊದಲಿಂದ ಇದೆ."

"ಮೊದಲಿಂದ ಬಡವರೇ ಸುಳ್ಳು ಹೇಳೋದು, ದೊಡ್ಡವರು ಹೇಳೋದಿಲ್ಲ ಅಂತಾನಾ?"

ಮೊಬೈಲ್ ಬಗ್ಗೆ ಕೇಳಿದ್ದ ಸದಸ್ಯ ಸಿಡುಕಿದ. "ಅಧ್ಯಕ್ಷರೇ, ಇದು ಸಮಿತಿಗೆ ಅವಮಾನ. ಪ್ರಮಾಣ ಮಾಡಲ್ಲ ಅಂದ್ರೆ ಕಳಿಸಿ."

"ಕಳಿಸ್ತೀರೇನ್ರೀ? ಬನ್ನಿ, ಎತ್ತಿ ಕಳಿಸಿ," ಅಂದಳು ಮೂಟೆಯಕ್ಕ. ದನಿ ಏರಿತ್ತು. ಅವಳಿಗೇ ಗುರುತು ಸಿಗದ ದನಿ. "ಇಪ್ಪತ್ಮೂರು ವರ್ಷ ನಿಮ್ಮಂಥವರ ಹಾಸಿಗೆ ಒಗೆದಿದೀನಿ. ನಿಮ್ಮಪ್ಪ ಸತ್ತ ಹಾಸಿಗೇನೂ ಒಗೆದಿರಬಹುದು, ನಿಮ್ಮ ಮಗು ಹುಟ್ಟಿದ ಹಾಸಿಗೇನೂ ಒಗೆದಿರಬಹುದು. ಆಗ ಯಾರೂ ನನ್ನ ಕೈ ಹಿಡಿದು ಪ್ರಮಾಣ ಮಾಡು, ಚೆನ್ನಾಗಿ ಒಗೆದಿದೀಯಾ ಅಂತ ಕೇಳಲಿಲ್ಲ. ಆ ಬಟ್ಟೆ ಮೇಲೆ ನಂಬಿ ಮಲಗಿದ್ರಿ. ದುಡಿಯೋವಾಗ ನಂಬಿಕೆ. ದುಡಿಯೋಕಾಗದೆ ಹೋದಾಗ ಕಳ್ಳಿ. ಅವಮಾನ ನಿಮಗಾ?"

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು.

"ನೋಡಿ ಅಮ್ಮ. ಪ್ರಮಾಣ ಇಲ್ದೆ ನಿಮ್ಮ ಒಂದು ಮಾತೂ ದಾಖಲೆಗೆ ಬರಲ್ಲ. ನಷ್ಟ ನಿಮಗೇ."

"ನಷ್ಟ ಆಗಿದ್ದಾಯ್ತು. ಇನ್ನೇನೂ ಉಳಿದಿಲ್ಲ. ಅವರು ಎತ್ತಲಿ."

ಆ ವಯಸ್ಸಾದ ಸದಸ್ಯೆ ಪೆನ್ನನ್ನು ಮೇಜಿನ ಮೇಲಿಟ್ಟರು. "ಅಧ್ಯಕ್ಷರೇ, ಪದ್ಧತಿ ಇಲ್ಲ ನಿಜ. ಆದ್ರೆ ಮಾಡಬಾರದು ಅಂತ ನಿಯಮಾನೂ ಇಲ್ಲ. ಅರ್ಧ ನಿಮಿಷದ ಕೆಲಸ. ಕಾರ್ಯದರ್ಶಿಗಳೇ, ಎತ್ತಿಬಿಡಿ. ಆಕೆ ಸುಳ್ಳು ಹೇಳ್ತಿದ್ರೆ ಇಲ್ಲಿಗೇ ಮುಗಿದುಹೋಗುತ್ತೆ."

ಎಲ್ಲರೂ ಕಾರ್ಯದರ್ಶಿಗಳ ಕಡೆ ತಿರುಗಿದರು. ಹದಿಮೂರು ಸದಸ್ಯರು, ಗುಮಾಸ್ತ, ಕಾವಲಿನವನು, ಕಡತ ಹೊತ್ತ ಇಬ್ಬರು. ಕಾರ್ಯದರ್ಶಿಗಳು ಲೋಟ ಎತ್ತಿದರು. ನೀರು ಕುಡಿದರು. ಲೋಟ ಇಟ್ಟರು. ಹಿಂದಿನವನ ಕಿವಿಯಲ್ಲಿ ಏನೋ ಕೇಳಿದರು. ಅವನು ಕಡತ ತಿರುವಿದ, ಮತ್ತೆ ತಿರುವಿದ, ತಲೆ ಅಲ್ಲಾಡಿಸಿದ.

"ವೈದ್ಯಕೀಯ ವರದಿಯ ಪ್ರತಿಯನ್ನ ಆಮೇಲೆ ಲಿಖಿತವಾಗಿ ಸಲ್ಲಿಸ್ತೀವಿ," ಅಂದರು ಕಾರ್ಯದರ್ಶಿಗಳು.

"ವರದಿ ಕೇಳಲಿಲ್ಲ ನಾನು," ಅಂದಳು ಮೂಟೆಯಕ್ಕ. "ಕೈ ಕೇಳಿದೆ."

ಆತನ ಎರಡೂ ಕೈ ಕಡತದ ಮೇಲಿದ್ದವು. ತುಂಬಿದ ಕೈಗಳು. ಆ ಕೈಗಳಿಗೆ ಏನೂ ಆಗಿರಲಿಲ್ಲ. ಗೋಡೆಯ ಗಡಿಯಾರ ಓಡುತ್ತಿತ್ತು. ಅವು ಇದ್ದಲ್ಲೇ ಇದ್ದವು.

ಅಧ್ಯಕ್ಷರು ತಗ್ಗಿದ ದನಿಯಲ್ಲಿ, ಸಭೆಯನ್ನು ಹದಿನೈದು ನಿಮಿಷ ಮುಂದೂಡಲಾಗಿದೆ, ಪ್ರಮಾಣವಿಲ್ಲದ ಈ ಮಾತುಗಳನ್ನು ಕಡತದಿಂದ ತೆಗೆಯಬೇಕು ಎಂದರು. ಕುರ್ಚಿಗಳು ಸರಿದವು. ಶೀಘ್ರಲಿಪಿಯ ಹೆಂಗಸು ಹಾಳೆಯ ಮೇಲೆ ಗೆರೆ ಎಳೆಯಲು ಪೆನ್ನು ತೆಗೆದಳು, ಎಳೆಯದೆ ತಲೆ ಎತ್ತಿ ಇವಳನ್ನು ನೋಡಿದಳು.

ಮೂಟೆಯಕ್ಕ ಕುರ್ಚಿಯಿಂದ ಎದ್ದಿರಲಿಲ್ಲ.

"ನಂದೇನೂ ಇಟ್ಕೋಬೇಡ ಕಣಮ್ಮ, ಎಲ್ಲಾ ಹೊಡೆದುಹಾಕು," ಅಂದಳು ಅವಳಿಗೆ. "ಅವರು ಕೈ ಎತ್ತಲಿಲ್ಲ ಅಂತ ಮಾತ್ರ ಬರ್ಕೋ."